ಮುರಿದ ನಿಶ್ಚಿತಾರ್ಥದ ಉಂಗುರ: ಮಾರುವ ಮುನ್ನ

ಚಿನ್ನದಂಗಡಿಯವನು ಉಂಗುರವನ್ನು ತಕ್ಕಡಿಗೆ ಹಾಕಿ ತೂಕ ಹೇಳುತ್ತಾನೆ. ಒರೆಗಲ್ಲಿಗೆ ತಿಕ್ಕಿ ಗುಣ ಹೇಳುತ್ತಾನೆ. ಆ ದಿನದ ದರವನ್ನೂ ಹೇಳುತ್ತಾನೆ. ಆದರೆ ಅದು ಯಾರ ಉಂಗುರವೆಂದು ಹೇಳುವ ಹೊಣೆ ಅವನದಲ್ಲ. ಅದು ಉಂಗುರವನ್ನು ಅಂಗಡಿಗೆ ತಂದವರ ಹೊಣೆ.

ಪ್ರಿಯ ವಾಚಕರೇ, ಮದುವೆ ನಿಶ್ಚಯವಾಗಿ ಆಮೇಲೆ ಮಾತು ಮುರಿದ ಮನೆಗಳವರು ಮೌಲ್ವಿ ಸಾಹೇಬರ ಬಳಿ ಬಂದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ ಬಗೆಯದು: “ಉಂಗುರ ಮಾರಬಹುದಾ?” ಉತ್ತರ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಬರಲಿ ಎಂಬುದು ಅವರ ಆಸೆ. ಆದರೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಅದನ್ನು ಬಿಡಿಸದೆ ಮೊದಲನೆಯದಕ್ಕೆ ಉತ್ತರ ಕೊಡುವುದು ತಪ್ಪಾಗುತ್ತದೆ. ಆ ಉಂಗುರ ಈಗ ಯಾರದು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗ ದೇವದುರ್ಗದವನು, ಹುಡುಗಿ ಮಾನ್ವಿಯವಳು. ಶಾಬಾನ್ ತಿಂಗಳಲ್ಲಿ ಮಂಗ್ನಿಯಾಯಿತು. ಹುಡುಗನ ತಾಯಿ ಹುಡುಗಿಯ ಬೆರಳಿಗೆ 4 ಗ್ರಾಂ ಚಿನ್ನದ ಉಂಗುರ ತೊಡಿಸಿ, ಬಾಯಿಗೆ ಸಕ್ಕರೆ ಹಾಕಿದರು. ಹುಡುಗಿಯ ತಂದೆ ಹುಡುಗನ ಬೆರಳಿಗೆ 6 ಗ್ರಾಂ ಉಂಗುರ ತೊಡಿಸಿ, ಕೈಗೆ ಗಡಿಯಾರ ಕಟ್ಟಿದರು. ರಮಝಾನ್ ಈದ್‌ಗೆ ದೇವದುರ್ಗದಿಂದ ಬಟ್ಟೆ, ಸಿಹಿ, ಖರ್ಜೂರ ಬಂದವು. ಬಕ್ರೀದ್ ಹೊತ್ತಿಗೆ ಮಾತಿಗೆ ಮಾತು ಬೆಳೆದು ಸಂಬಂಧ ಮುರಿಯಿತು. ಎರಡೂ ಮನೆಗಳಲ್ಲಿ ಒಂದೊಂದು ಉಂಗುರ ಪೆಟ್ಟಿಗೆಯಲ್ಲಿ ಕೂತಿದೆ. ಚಿನ್ನದ ದರವೋ ಏರುತ್ತಲೇ ಇದೆ. ಹಟ್ಟಿಯ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲೇ, ಲಿಂಗಸುಗೂರು ತಾಲೂಕಿನಲ್ಲೇ ಇದ್ದರೂ ನಮಗೇನೂ ಅದು ಅಗ್ಗವಾಗಿ ಸಿಗುವುದಿಲ್ಲವಲ್ಲ! ಇಷ್ಟಾದ ಮೇಲೆ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: “ಅವರು ಕೇಳೋದ್ರಾಗ ಮಾರಿಬಿಡ್ರಿ. ಮಾರಿದ ಮ್ಯಾಲೆ ಕೇಳೋ ಹಂಗಿಲ್ಲ.”

ಈ ಸಲಹೆಯನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಮಂಗ್ನಿ ಎಂದರೇನೆಂಬುದು ಸ್ಪಷ್ಟವಾಗಬೇಕು.

ಮಂಗ್ನಿ ನಿಕಾಹ್ ಅಲ್ಲ

ಶರೀಅತ್ತಿನ ಭಾಷೆಯಲ್ಲಿ ಮಂಗ್ನಿಗೆ ಖಿತ್ಬಾ ಎನ್ನುತ್ತಾರೆ. ಅದು ಮುಂದೆ ಮದುವೆಯಾಗುತ್ತೇವೆಂಬ ಮಾತು, ಅಷ್ಟೇ. ಅದರಿಂದ ಹುಡುಗ ಹುಡುಗಿ ಗಂಡ ಹೆಂಡತಿಯಾಗುವುದಿಲ್ಲ. ಆದ್ದರಿಂದ ಅದು ಮುರಿದಾಗ ತಲಾಕ್ ಇಲ್ಲ, ಖುಲಾ ಇಲ್ಲ, ಇದ್ದತ್ ಇಲ್ಲ. ಮಂಗ್ನಿ ಮುರಿದ ಹುಡುಗಿಯನ್ನು ‘ಬಿಟ್ಟ ಹುಡುಗಿ’ ಎಂದು ಕರೆಯುವ ನಾಲಿಗೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅವಳನ್ನು ಯಾರೂ ಕಟ್ಟಿಕೊಂಡೇ ಇಲ್ಲದಿರುವಾಗ ಬಿಡುವುದೆಲ್ಲಿಂದ ಬಂತು?

ಹಾಗೆಂದು ಮಾತಿಗೆ ಬೆಲೆಯಿಲ್ಲವೆಂದಲ್ಲ. ಕೊಟ್ಟ ಮಾತಿನ ಬಗ್ಗೆ ಪ್ರಶ್ನಿಸಲಾಗುವುದೆಂದು ಕುರ್‌ಆನ್ ಎಚ್ಚರಿಸುತ್ತದೆ (17:34). ಕಾರಣವಿಲ್ಲದೆ ಮುರಿದವನು ಅಲ್ಲಾಹನ ಮುಂದೆ ಉತ್ತರ ಕೊಡಬೇಕು. ಆದರೆ ದೋಷ ಕಂಡು, ಯೋಚಿಸಿ, ನಿಕಾಹ್‌ಗೆ ಮೊದಲೇ ಹಿಂದೆ ಸರಿದವರು ಅಪರಾಧಿಗಳಲ್ಲ. ನಿಕಾಹ್ ಆಗಿ ಮೂರು ತಿಂಗಳಿಗೆ ತಲಾಕ್ ಆಗುವುದಕ್ಕಿಂತ ಮಂಗ್ನಿ ಮುರಿಯುವುದು ಎಷ್ಟೋ ಲೇಸು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕೆಲವು ಮನೆಗಳಲ್ಲಿ ಮಂಗ್ನಿಯ ದಿನವೇ ನಿಕಾಹ್ ಓದಿಸಿ, ಹುಡುಗಿಯನ್ನು ಕಳಿಸಿಕೊಡುವುದನ್ನು ಮಾತ್ರ ಮುಂದಕ್ಕೆ ಹಾಕುತ್ತಾರೆ. ಅಲ್ಲಿ ಈ ಲೇಖನದ ಲೆಕ್ಕ ನಡೆಯುವುದಿಲ್ಲ. ಆಗ ಅವರು ದಂಪತಿಗಳು. ಕೂಡುವ ಮೊದಲೇ ತಲಾಕ್ ಆದರೆ, ಗೊತ್ತುಪಡಿಸಿದ ಮಹ್ರ್‌ನ ಅರ್ಧ ಹೆಣ್ಣಿಗೆ ಸಲ್ಲಬೇಕೆಂದು ಕುರ್‌ಆನ್ ವಿಧಿಸಿದೆ (2:237). ಉಂಗುರವನ್ನು ಮಹ್ರ್‌ನಲ್ಲಿ ಸೇರಿಸಿದ್ದರೆ ಈ ಲೆಕ್ಕಕ್ಕೆ ಅದೂ ಬರುತ್ತದೆ. ಕೊಟ್ಟದ್ದು ಎಷ್ಟೇ ಸಂಪತ್ತಾದರೂ ಹೆಂಡತಿಯಿಂದ ಮರಳಿ ಪಡೆಯಬಾರದೆನ್ನುವ ವಚನವನ್ನು (4:20) ಮಂಗ್ನಿಯ ಜಗಳಕ್ಕೆ ತಂದು ಹಾಕುವವರಿದ್ದಾರೆ. ಆ ವಚನ ಪತ್ನಿಯ ಕುರಿತಾದದ್ದು, ನಿಶ್ಚಯವಾದ ಹುಡುಗಿಯ ಕುರಿತಾದದ್ದಲ್ಲ.

ಗ್ರಂಥಗಳು ಏನನ್ನುತ್ತವೆ?

ನಮ್ಮ ಉದಾಹರಣೆಯ ಪ್ರಸಂಗ ಹೊಸದೇನಲ್ಲ. 17ನೇ ಶತಮಾನದಲ್ಲಿ ದಮಾಸ್ಕಸ್‌ನ ಅಲ್ಲಾಮಾ ಹಸ್ಕಫಿ ಬರೆದ ‘ದುರ್ರುಲ್ ಮುಖ್ತಾರ್’ ಹನಫಿ ಮದ್‌ಹಬ್‌ನ ಪ್ರಸಿದ್ಧ ಗ್ರಂಥ. ಮದ್ರಸಗಳಲ್ಲಿ ಫತ್ವಾ ಬರೆಯುವವರ ಕೈಯಲ್ಲಿ ಇಂದಿಗೂ ಇರುವ ಗ್ರಂಥ ಅದು. ಅದರಲ್ಲಿ ಸರಿಯಾಗಿ ಇದೇ ಪ್ರಸಂಗ ಬರುತ್ತದೆ. ಒಬ್ಬನು ಒಬ್ಬರ ಮಗಳನ್ನು ಕೇಳಿದ, ಕೆಲವು ವಸ್ತುಗಳನ್ನು ಕಳಿಸಿದ, ಕೊನೆಗೆ ತಂದೆ ಹುಡುಗಿಯನ್ನು ಕೊಡಲಿಲ್ಲ. ಆಗೇನು? ಗ್ರಂಥಕಾರರು ಎರಡು ಭಾಗ ಮಾಡುತ್ತಾರೆ. ಮಹ್ರ್ ಎಂದು ಕಳಿಸಿದ್ದರೆ ಅದು ಮರಳಬೇಕು. ವಸ್ತು ಇದ್ದರೆ, ಬಳಸಿ ಸವೆದಿದ್ದರೂ ವಸ್ತುವೇ. ಇಲ್ಲವಾಗಿದ್ದರೆ ಅದರ ಬೆಲೆ. ಉಡುಗೊರೆಯೆಂದು ಕಳಿಸಿದ್ದರೆ, ವಸ್ತು ಹಾಗೆಯೇ ಉಳಿದಿದ್ದಲ್ಲಿ ಮರಳಬೇಕು. ಕಳೆದು ಹೋಗಿದ್ದರೆ ಅಥವಾ ಖರ್ಚಾಗಿದ್ದರೆ ಬೆಲೆ ಕೇಳುವಂತಿಲ್ಲ. 19ನೇ ಶತಮಾನದಲ್ಲಿ ಈ ಗ್ರಂಥಕ್ಕೆ ‘ರದ್ದುಲ್ ಮುಹ್ತಾರ್’ ಎಂಬ ದೊಡ್ಡ ವ್ಯಾಖ್ಯಾನ ಬರೆದ ಇಬ್ನ್ ಆಬಿದೀನ್ ಕೂಡ ದಮಾಸ್ಕಸ್‌ನವರೇ.

ಈ ಅಳತೆಗೋಲನ್ನು ನಮ್ಮ ಉದಾಹರಣೆಗೆ ಇಟ್ಟು ನೋಡಿ. ಈದ್‌ನ ಸಿಹಿ ತಿಂದಾಯಿತು, ಖರ್ಜೂರ ಹಂಚಿಯಾಯಿತು, ಬಟ್ಟೆ ಹೊಲಿಸಿ ಉಟ್ಟಾಯಿತು. ಅವುಗಳ ಲೆಕ್ಕ ಕೇಳುವುದು ಸಲ್ಲದು. ಮಂಗ್ನಿಯ ಊಟಕ್ಕೆ ಎಷ್ಟು ಕಿಲೋ ಮಾಂಸ ತಂದೆವೆಂದು ಚೀಟಿ ಹಿಡಿದು ಜಮಾಅತ್ತಿನ ಹಿರಿಯರ ಮುಂದೆ ಕೂರುವುದು ನಾಚಿಕೆಗೇಡು. ಆದರೆ ಉಂಗುರ ಪೆಟ್ಟಿಗೆಯಲ್ಲಿ ಹಾಗೆಯೇ ಇದೆ. ಅದು ಮರಳಬೇಕಾದ ವಸ್ತು.

ಬೇರೆ ಮದ್‌ಹಬ್‌ಗಳ ದಾರಿ ಸ್ವಲ್ಪ ಬೇರೆ. ಮದುವೆಯ ಉದ್ದೇಶಕ್ಕಾಗಿಯೇ ಕೊಟ್ಟದ್ದಾದರೆ, ಅದು ಖರ್ಚಾಗಿದ್ದರೂ ಬೆಲೆಯನ್ನು ಕೇಳಬಹುದೆಂದು ಶಾಫಿಈ ಮದ್‌ಹಬ್‌ನ ಪ್ರಮುಖ ವಿದ್ವಾಂಸರು ಹೇಳಿದ್ದಾರೆ. ನಮ್ಮ ಕರಾವಳಿಯ ಬಂಧುಗಳಲ್ಲಿ ಹೆಚ್ಚಿನವರು ಆ ಮದ್‌ಹಬ್‌ನವರು. ಮಾಲಿಕಿ ಮದ್‌ಹಬ್‌ನ ಉತ್ತರಕಾಲದ ವಿದ್ವಾಂಸರು ಮುರಿದವರು ಯಾರೆಂದು ನೋಡುತ್ತಾರೆ. ಹುಡುಗನೇ ಮುರಿದರೆ ಕೊಟ್ಟದ್ದನ್ನು ಕೇಳುವಂತಿಲ್ಲ, ಹುಡುಗಿಯ ಕಡೆಯವರು ಮುರಿದರೆ ಕೇಳಬಹುದು. ಈ ಮಾತಿನಲ್ಲಿ ನ್ಯಾಯದ ಒಂದು ಸೊಗಸಿದೆ. ಆದರೆ ನಮ್ಮ ಊರುಗಳಲ್ಲಿ ಮುರಿದವರು ಯಾರೆಂದು ಕೇಳಿದರೆ ಎರಡೂ ಮನೆಯವರು ಎದುರು ಮನೆಯತ್ತ ಬೆರಳು ತೋರಿಸುತ್ತಾರೆ. ವಸ್ತು ಇದೆಯೋ ಇಲ್ಲವೋ ಎಂದು ನೋಡುವ ಹನಫಿ ದಾರಿಯಲ್ಲಿ ಈ ತಕರಾರಿಗೆ ಎಡೆ ಕಡಿಮೆ.

ಕೊಟ್ಟ ಉಡುಗೊರೆಯನ್ನು ಮರಳಿ ಪಡೆಯುವವನನ್ನು ಪ್ರವಾದಿವರ್ಯರು(ಸ) ಕಾರಿಕೊಂಡದ್ದನ್ನೇ ಮತ್ತೆ ತಿನ್ನುವ ನಾಯಿಗೆ ಹೋಲಿಸಿದ್ದಾರಲ್ಲ ಎಂದು ನೀವು ಕೇಳಬಹುದು. ಹದೀಸ್ ಸರಿಯಾದದ್ದೇ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಹನಫಿ ವಿದ್ವಾಂಸರು ಇದೇ ಕಾರಣಕ್ಕೆ ಉಡುಗೊರೆಯನ್ನು ಮರಳಿ ಕೇಳುವುದನ್ನು ಅಪ್ರಿಯವೆಂದರು. ಕೊಟ್ಟವನು ತಾನಾಗಿ ಕಿತ್ತುಕೊಳ್ಳುವಂತಿಲ್ಲ, ಪಡೆದವರ ಒಪ್ಪಿಗೆ ಇರಬೇಕು, ಇಲ್ಲವೇ ಕಾಝಿಯ ತೀರ್ಪಿರಬೇಕು ಎಂದೂ ಷರತ್ತು ಹಾಕಿದರು. ಆದರೆ ಮಂಗ್ನಿಯ ಉಂಗುರ ಸ್ನೇಹಿತನಿಗೆ ಕೊಟ್ಟ ಅತ್ತರಿನ ಬಾಟಲಿಯಂಥದಲ್ಲ. ಅದನ್ನು ತೊಡಿಸುವಾಗ ಎರಡೂ ಕಡೆಯವರ ಮನಸ್ಸಿನಲ್ಲಿ ಮದುವೆಯ ಮಾತೇ ಇತ್ತು. ಮದುವೆಯ ಮಾತು ಇಲ್ಲವಾದ ಮೇಲೆ ಅದನ್ನು ಇಟ್ಟುಕೊಳ್ಳಲು ಹುಡುಗಿಯ ಮನಸ್ಸೂ ಒಪ್ಪುವುದಿಲ್ಲ.

ಆದ್ದರಿಂದ ಹುಡುಗಿಯ ಕಡೆಯವರು ಕೇಳಿಸಿಕೊಳ್ಳುವ ಮೊದಲೇ ಉಂಗುರ ಮರಳಿಸಲಿ. ಆಗ ಹುಡುಗನ ಕಡೆಯವರು ಕೇಳಿ ಅಪ್ರಿಯ ಕೆಲಸಕ್ಕೆ ಇಳಿಯಬೇಕಾಗುವುದಿಲ್ಲ. ಹುಡುಗನ ಕಡೆಯವರು “ಇರಲಿ, ಅದು ನಿಮ್ಮ ಮಗಳದೇ” ಎಂದರೆ ಅದು ಅವರ ದೊಡ್ಡತನ. ಆ ಕ್ಷಣದಿಂದ ಉಂಗುರ ಯಾವ ತಕರಾರೂ ಇಲ್ಲದೆ ಅವಳದಾಗುತ್ತದೆ. ಅವಳು ಅದನ್ನು ತೊಡಬಹುದು, ಮಾರಬಹುದು, ದಾನ ಕೊಡಬಹುದು.

ಬ್ರಿಟಿಷರ ಕಾಲದಲ್ಲಿ, 1910ರ ದಶಕದಲ್ಲಿ, ಬೊಂಬಾಯಿ ಹೈಕೋರ್ಟಿನ ಮುಂದೆ ಇಂಥದೇ ಒಂದು ವ್ಯಾಜ್ಯ ಬಂದಿತ್ತು. ಮುಸ್ಲಿಮರ ನಡುವೆ ಮದುವೆಯ ಮಾತು ಮುರಿದಾಗ ಇಂಗ್ಲಿಷ್ ಕಾನೂನಿನಂತೆ ನಷ್ಟ ಪರಿಹಾರ ಕೊಡಿಸಲಾಗದು, ಕೊಟ್ಟ ಉಡುಗೊರೆಗಳನ್ನು ಮಾತ್ರ ಮರಳಿ ಪಡೆಯಬಹುದೆಂದು ನ್ಯಾಯಾಲಯ ಹೇಳಿತು. ರಾಯಚೂರು ಆಗ ನಿಝಾಮರ ಆಳ್ವಿಕೆಯಲ್ಲಿತ್ತು, ಬೊಂಬಾಯಿ ತೀರ್ಪಿನ ಆಚೆಗಿತ್ತು. ಆದರೂ ಅಂದು ಆಡಿದ ಮಾತು ಮುಸ್ಲಿಮ್ ವೈಯಕ್ತಿಕ ಕಾನೂನಿನ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಒಂದು ಉಂಗುರಕ್ಕಾಗಿ ಅಷ್ಟು ದೂರ ಹೋಗುವ ಗತಿ ಯಾರಿಗೂ ಬಾರದಿರಲಿ. ವಕೀಲರ ಫೀಸು ಮೊದಲ ತಿಂಗಳಲ್ಲೇ ಉಂಗುರವನ್ನು ನುಂಗಿಬಿಡುತ್ತದೆ.

“ಮಾರಿದ ಮೇಲೆ ಕೇಳುವಂತಿಲ್ಲ”

ಈಗ ಆ ಸಲಹೆಗೆ ಬರೋಣ. ಈ ಸಲಹೆ ಕೊಟ್ಟವರು ಫಿಕ್ಹ್‌ನ ಒಂದು ತುಂಡನ್ನು ಎಲ್ಲೋ ಕೇಳಿದ್ದಾರೆ. ಉಡುಗೊರೆ ಪಡೆದವರ ಒಡೆತನದಿಂದ ಹೊರಗೆ ಹೋದರೆ ಕೊಟ್ಟವನ ಹಕ್ಕು ಮುಗಿಯುತ್ತದೆಂದು ಹನಫಿ ಗ್ರಂಥಗಳಲ್ಲಿ ಇರುವುದು ನಿಜ. ಕರಗಿಸಿ ಬೇರೆ ಆಭರಣ ಮಾಡಿಸಿದರೂ ಕೊಟ್ಟ ವಸ್ತು ಉಳಿಯಲಿಲ್ಲವೆಂದೇ ಅರ್ಥ. ಹಾಗಾದರೆ ರಾತ್ರೋರಾತ್ರಿ ರಾಯಚೂರಿಗೆ ಹೋಗಿ ಮಾರಿಬಂದರೆ ಆಯಿತಲ್ಲ?

ಈ ನಿಯಮ ಇರುವುದು ಯಾರಿಗಾಗಿ ಎಂದು ಯೋಚಿಸಿ. ಉಡುಗೊರೆಯನ್ನು ತನ್ನದೆಂದು ನಂಬಿ, ಕಷ್ಟಕ್ಕೆ ಮಾರಿದ ಬಡವಳ ಮೇಲೆ ವರ್ಷದ ನಂತರ ಯಾರೂ ಸಾಲ ಹೊರಿಸಬಾರದೆಂದು ಅದು ಇದೆ. ಮದುವೆ ಇನ್ನೂ ಗಟ್ಟಿಯಿದ್ದಾಗ ತಂದೆಯ ಆಸ್ಪತ್ರೆ ಖರ್ಚಿಗೆ ಹುಡುಗಿ ಉಂಗುರ ಮಾರಿದ್ದಳೆಂದುಕೊಳ್ಳಿ. ಆಮೇಲೆ ಸಂಬಂಧ ಮುರಿಯಿತು. ಅದು ಮಹ್ರ್‌ನ ಭಾಗವಾಗಿರದಿದ್ದರೆ ಅವಳ ಮೇಲೆ ಸಾಲವಿಲ್ಲ. ಅವಳನ್ನು ಕಾಯುವ ನಿಯಮವಿದು. ಮರಳಿ ಕೇಳಲು ಬರುತ್ತಾರೆಂದು ಗೊತ್ತಿದ್ದೂ, ಆ ಹಕ್ಕನ್ನು ತಪ್ಪಿಸಲಿಕ್ಕೆಂದೇ ಮಾರುವವನಿಗೆ ಗ್ರಂಥದ ಸಾಲು ಸಿಗಬಹುದು, ಅಲ್ಲಾಹನ ಮುಂದೆ ಉತ್ತರ ಸಿಗುವುದಿಲ್ಲ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಕುರ್‌ಆನ್ ಆಜ್ಞಾಪಿಸಿದೆ (4:58). ಒಬ್ಬರು ಇನ್ನೊಬ್ಬರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂದೂ ಹೇಳಿದೆ (4:29). ಫಿಕ್ಹ್ ಕದಿಯುವವರಿಗೆ ಕಿಂಡಿ ತೋರಿಸಲು ಹುಟ್ಟಿದ ವಿದ್ಯೆಯಲ್ಲ.

ಆದ್ದರಿಂದ ಮಾತು ಮುರಿದ ದಿನದಿಂದ ಎರಡೂ ಕಡೆಯವರ ಲೆಕ್ಕ ತೀರುವವರೆಗೆ ಉಂಗುರವನ್ನು ಮಾರಬೇಡಿ, ಕರಗಿಸಬೇಡಿ, ತಂಗಿಯ ಮದುವೆಗೆ ತೊಡಿಸಿ ಕಳಿಸಬೇಡಿ. ಅಡವಿಡುವುದಂತೂ ಬೇಡವೇ ಬೇಡ. ಅಡವಿಟ್ಟರೆ ತಕರಾರಿನ ಜೊತೆ ಬಡ್ಡಿಯ ಪಾಪವೂ ಸೇರುತ್ತದೆ.

ಉಂಗುರ ತಡೆಹಿಡಿಯುವುದರಲ್ಲಿ ಇನ್ನೂ ದೊಡ್ಡ ಕೆಡುಕೊಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಬ್ಬ ಮುಸ್ಲಿಮನು ಕೇಳಿದ ಹುಡುಗಿಯನ್ನು, ಅವನು ಬಿಟ್ಟುಕೊಡುವವರೆಗೆ ಇನ್ನೊಬ್ಬನು ಕೇಳಬಾರದೆಂದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಊರಿನವರ ಕಣ್ಣಿಗೆ, ಬಿಟ್ಟುಕೊಟ್ಟದ್ದಕ್ಕೆ ಗುರುತು ಉಂಗುರ ಮರಳುವುದೇ. ಉಂಗುರ ಎರಡು ಮನೆಗಳ ನಡುವೆ ನೇತಾಡುತ್ತಿರುವಷ್ಟು ದಿನ ಮಾನ್ವಿಯ ಆ ಹುಡುಗಿಯನ್ನು ಕೇಳಲು ಬರುವವರು ಬಾಗಿಲಿಂದಲೇ ಹಿಂದಿರುಗುತ್ತಾರೆ. “ಅವರದಿನ್ನೂ ಮುಗಿದಿಲ್ಲವಂತೆ” ಎಂಬ ಒಂದು ಮಾತು ಸಾಕು. 4 ಗ್ರಾಂ ಚಿನ್ನಕ್ಕಾಗಿ ತಂದೆಯೊಬ್ಬನು ಎಂಟು ತಿಂಗಳು ಹಠ ಹಿಡಿದರೆ ಆ ಎಂಟು ತಿಂಗಳು ಅವನ ಮಗಳ ಬಾಳಿನಿಂದ ಕಳೆದು ಹೋಗುತ್ತವೆ. ಹುಡುಗನ ಕಡೆಯವರೂ ಇದನ್ನು ಅರಿಯಬೇಕು. “ಬಟ್ಟೆ ದುಡ್ಡೂ ಕೊಟ್ಟರೆ ಮಾತ್ರ ಉಂಗುರ ಮುಟ್ಟುತ್ತೇವೆ” ಎಂದು ಕಾಡಿಸುವವರು ಆ ಹುಡುಗಿಗೆ ಮಾಡುವ ಜುಲುಮು ಸಣ್ಣದಲ್ಲ.

ಹುಡುಗನ ಬೆರಳಿನ ಉಂಗುರ

ದೇವದುರ್ಗದ ಮನೆಯಲ್ಲಿರುವ ಆ 6 ಗ್ರಾಂ ಉಂಗುರದ ಕಥೆ ಬೇರೆ. ಅದನ್ನು ತೊಡಿಸಿದ್ದೇ ತಪ್ಪು. ಚಿನ್ನ ಗಂಡಸರಿಗೆ ನಿಷಿದ್ಧ. ಒಬ್ಬರ ಬೆರಳಲ್ಲಿ ಚಿನ್ನದ ಉಂಗುರ ಕಂಡಾಗ ಪ್ರವಾದಿವರ್ಯರು(ಸ) ಅದನ್ನು ತಾವೇ ತೆಗೆದು ಬಿಸಾಡಿದರು, ಅದನ್ನು ಬೆಂಕಿಯ ಕೆಂಡಕ್ಕೆ ಹೋಲಿಸಿದರು. ಅವರು ಹೊರಟುಹೋದ ಮೇಲೆ ಜನರು ಆ ಸಹಾಬಿಗೆ ಉಂಗುರ ಎತ್ತಿಕೊಂಡು ಅದರಿಂದ ಬೇರೆ ಪ್ರಯೋಜನ ಪಡೆಯಲು ಹೇಳಿದರು. ಪ್ರವಾದಿವರ್ಯರು(ಸ) ಎಸೆದದ್ದನ್ನು ತಾನೆಂದೂ ಮುಟ್ಟಲಾರೆನೆಂದು ಅವರು ಆಣೆ ಮಾಡಿದರು. ಇಬ್ನ್ ಅಬ್ಬಾಸ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಸಹಾಬಿಯ ಭಕ್ತಿ ದೊಡ್ಡದು. ಆದರೆ ಜನರು ಕೊಟ್ಟ ಸಲಹೆಯೂ ತಪ್ಪಲ್ಲವೆಂದು ವಿದ್ವಾಂಸರು ವಿವರಿಸಿದ್ದಾರೆ. ತೊಡುವುದು ನಿಷಿದ್ಧ, ಒಡೆತನ ನಿಷಿದ್ಧವಲ್ಲ. ಉಮರ್(ರ) ಅವರಿಗೆ ಪ್ರವಾದಿವರ್ಯರು(ಸ) ರೇಷ್ಮೆಯ ಉಡುಪೊಂದನ್ನು ಕಳಿಸಿದಾಗ, ಇದು ನಮಗೆ ಸಲ್ಲದೆಂದು ತಾವೇ ಹೇಳಿದ್ದಿರಲ್ಲ ಎಂದು ಅವರು ಗಾಬರಿಯಾದರು. ಉಡಲಿಕ್ಕೆಂದು ಕೊಟ್ಟದ್ದಲ್ಲ, ಮಾರಿ ಅಗತ್ಯಕ್ಕೆ ಬಳಸಲೆಂದು ಕೊಟ್ಟದ್ದೆಂದು ಅವರಿಗೆ ಉತ್ತರ ಬಂತು.

ಹಾಗಾಗಿ ಹುಡುಗ ಅದನ್ನು ಬೆರಳಿಂದ ತೆಗೆಯಲಿ, ಮಂಗ್ನಿ ಗಟ್ಟಿಯಿದ್ದರೂ ಸರಿ, ಮುರಿದಿದ್ದರೂ ಸರಿ. ಮುರಿದಿದ್ದರೆ ಮಾನ್ವಿಗೆ ಮರಳಿಸಲಿ. ವಸ್ತು ಇರುವಾಗ ಮರಳಬೇಕೆಂಬ ನಿಯಮ ಹುಡುಗನಿಗೊಂದು ಹುಡುಗಿಗೊಂದು ಇಲ್ಲ.

ಒಂದು ವಿಷಯದಲ್ಲಂತೂ ಹುಡುಗನ ಕಡೆಯ ಲೆಕ್ಕ ಇನ್ನೂ ಬಿಗಿಯಾಗಿದೆ. ಹುಡುಗನ ಉಂಗುರ, ಗಡಿಯಾರ, ಮೋಟಾರು ಬೈಕಿನ ಮುಂಗಡ, ನಮ್ಮಲ್ಲಿ ಜೋಡೆ ಕಿ ರಖಮ್ ಎಂದು ಮರ್ಯಾದೆಯ ಹೆಸರಿಟ್ಟು ತೆಗೆದುಕೊಳ್ಳುವ ಹಣ, ಇವು ಹುಡುಗಿಯ ತಂದೆ ಸಂತೋಷದಿಂದ ಕೊಟ್ಟ ಉಡುಗೊರೆಗಳೋ, ಅಥವಾ ಕೇಳಿ ಪಡೆದದ್ದೋ? ಕೇಳಿ ಪಡೆದದ್ದು ಉಡುಗೊರೆಯೇ ಅಲ್ಲ. ಹೆಣ್ಣನ್ನು ಕಳಿಸಿಕೊಡಲು ಅವಳ ಮನೆಯವರು ಪಡೆಯುವ ಹಣವನ್ನೇ ಹನಫಿ ಗ್ರಂಥಗಳು ಲಂಚವೆಂದು ಕರೆದು, ಅದನ್ನು ಮರಳಿ ಪಡೆಯಬಹುದೆಂದಿವೆ. ಗಂಡು ತನ್ನನ್ನೇ ಮಾರಿಕೊಳ್ಳಲು ಪಡೆಯುವ ಹಣಕ್ಕೆ ಇನ್ನೇನು ಹೆಸರಿಡೋಣ? ಅದು ಖರ್ಚಾಗಿದ್ದರೂ ಪೈಸೆ ಬಿಡದೆ ಮರಳಬೇಕು. ಆ ಹಣದ ಉಂಗುರವನ್ನು ಮಾರಿ ಲಾಭ ಎಣಿಸುವ ಮಾತೇ ಇಲ್ಲ. ದೇಶದ ಕಾನೂನೂ ಇಲ್ಲಿ ಸುಮ್ಮನಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಮಹ್ರ್‌ಅನ್ನು ವರದಕ್ಷಿಣೆಯಿಂದ ಹೊರಗಿಟ್ಟಿದೆ, ಆದರೆ ಮುಸ್ಲಿಮರ ವರದಕ್ಷಿಣೆಯನ್ನು ಹೊರಗಿಟ್ಟಿಲ್ಲ. ಮದುವೆ ಇನ್ನೂ ಮಾತುಕತೆಯ ಹಂತದಲ್ಲಿರುವಾಗ ಕೇಳುವುದೂ ಆ ಕಾಯಿದೆಯಡಿ ಅಪರಾಧವೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮಾರುವ ರೀತಿ

ಉಂಗುರ ಹಕ್ಕುದಾರರ ಕೈ ಸೇರಿತು ಎಂದುಕೊಳ್ಳೋಣ. ಈಗ ಅವರು ಅದನ್ನು ಮಾರಬಹುದು, ಸಂಕೋಚವೇನೂ ಬೇಡ. ಮಾರುವುದರಲ್ಲೂ ಒಂದಿಷ್ಟು ಧರ್ಮವಿದೆ, ಒಂದಿಷ್ಟು ಜಾಣ್ಮೆಯೂ ಬೇಕು.

ಹೆಚ್ಚಿನವರು ಎಡವುವುದು ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವಾಗ. 4 ಗ್ರಾಂ ಹಳೆಯ ಉಂಗುರ ಕೊಟ್ಟು, ಮಜೂರಿಯ ಲೆಕ್ಕದಲ್ಲಿ ಮೂರೂವರೆ ಗ್ರಾಂ ಹೊಸ ಉಂಗುರ ತರುತ್ತಾರೆ. ಚಿನ್ನಕ್ಕೆ ಚಿನ್ನ ಕೊಡುವುದಾದರೆ ತೂಕ ಸಮವಿರಬೇಕು, ಕೈಗೆ ಕೈ ಆಗಬೇಕು. ಹೆಚ್ಚು ಕಡಿಮೆಯಾದರೆ ಅದು ಬಡ್ಡಿಯ ಸಾಲಿಗೆ ಸೇರುತ್ತದೆ. ಉಬಾದ ಬಿನ್ ಸ್ವಾಮಿತ್(ರ) ವರದಿ ಮಾಡಿದ ಹದೀಸ್ ಇದರಲ್ಲಿ ಸ್ಪಷ್ಟವಾಗಿದೆ. ಹಾಗಾದರೆ ದಾರಿ? ಅದನ್ನು ಖೈಬರ್‌ನ ಖರ್ಜೂರದ ಪ್ರಸಂಗ ತೋರಿಸುತ್ತದೆ. ಅಲ್ಲಿನ ಅಧಿಕಾರಿಯೊಬ್ಬರು ಸಾಧಾರಣ ಖರ್ಜೂರ ಎರಡು ಅಳತೆ ಕೊಟ್ಟು ಉತ್ತಮವಾದದ್ದನ್ನು ಒಂದು ಅಳತೆ ಪಡೆಯುತ್ತಿದ್ದರು. ಹಾಗೆ ಮಾಡದೆ, ಸಾಧಾರಣವಾದದ್ದನ್ನು ಹಣಕ್ಕೆ ಮಾರಿ, ಆ ಹಣದಿಂದ ಉತ್ತಮವಾದದ್ದನ್ನು ಕೊಳ್ಳುವಂತೆ ಪ್ರವಾದಿವರ್ಯರು(ಸ) ತಿಳಿಸಿದರು. ಅಂಗಡಿಯಲ್ಲಿ ನೀವೂ ಅದನ್ನೇ ಮಾಡಿ. ಹಳೆಯ ಉಂಗುರ ಮಾರಿ ಹಣ ಕೈಗೆ ತೆಗೆದುಕೊಳ್ಳಿ, ಎಣಿಸಿ. ಆಮೇಲೆ ಬೇಕಾದರೆ ಅದೇ ಗಲ್ಲಾಕ್ಕೆ ಕೊಟ್ಟು ಹೊಸದನ್ನು ಕೊಳ್ಳಿ. ಅಂಗಡಿಯವನು ನಗಬಹುದು, ನಗಲಿ. ಎರಡು ನಿಮಿಷದ ಕೆಲಸ, ಎರಡು ಬೇರೆ ಬೇರೆ ವ್ಯಾಪಾರ.

ಸಂಬಂಧಿಕರಿಗೇ ಮಾರುವುದುಂಟು. “ಉಂಗುರ ಈಗ ಕೊಡ್ರಿ, ಭತ್ತ ಬಂದ ಮ್ಯಾಲೆ ರೊಕ್ಕ ಕೊಡ್ತೀನಿ” ಎಂದು ಮಾನ್ವಿಯ ಕಾಲುವೆ ನೀರಿನ ಸೀಮೆಯಲ್ಲಿ ಕೇಳುವುದು ಸಹಜ. ಕಾಗದದ ನೋಟಿಗೂ ಬಡ್ಡಿಯ ವಿಷಯದಲ್ಲಿ ಚಿನ್ನ ಬೆಳ್ಳಿಯದೇ ವಿಧಿಯೆಂದು ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ ನಿರ್ಣಯಿಸಿತು. ಆ ಪ್ರಕಾರ ಚಿನ್ನದ ಮಾರಾಟದಲ್ಲಿ ಉದ್ದರಿ ಇಲ್ಲ. ಕೆಲವು ಹನಫಿ ಮುಫ್ತಿಗಳು ಇದರಲ್ಲಿ ಸಡಿಲಿಕೆ ತೋರಿದ್ದಾರೆ. ಆದರೂ ಕೈಗೆ ಕೈ ಮುಗಿಸುವುದರಲ್ಲಿ ಯಾರ ಭಿನ್ನಾಭಿಪ್ರಾಯವೂ ಇಲ್ಲ, ಮುಂದೆ ಮನಸ್ತಾಪವೂ ಇಲ್ಲ.

ಇನ್ನು ಕಲ್ಲಿನ ಉಂಗುರ. ಖೈಬರ್ ಯುದ್ಧದ ದಿನ ಫದಾಲ ಬಿನ್ ಉಬೈದ್(ರ) ಚಿನ್ನ ಮತ್ತು ಮಣಿಗಳಿದ್ದ ಹಾರವೊಂದನ್ನು 12 ದೀನಾರ್‌ಗೆ ಕೊಂಡರು. ಬಿಡಿಸಿ ನೋಡಿದರೆ ಅದರಲ್ಲಿ 12 ದೀನಾರ್‌ಗಿಂತ ಹೆಚ್ಚು ಚಿನ್ನವೇ ಇತ್ತು! ಬಿಡಿಸದೆ ಮಾರಬಾರದೆಂದು ಪ್ರವಾದಿವರ್ಯರು(ಸ) ಹೇಳಿದರು. ನಿಮ್ಮ ಉಂಗುರದಲ್ಲೂ ಹಾಗೆಯೇ, ಕಲ್ಲಿನ ತೂಕ ಬೇರೆ, ಚಿನ್ನದ ತೂಕ ಬೇರೆ. ಒಟ್ಟು 4 ಗ್ರಾಂ ಉಂಗುರದಲ್ಲಿ ಕಲ್ಲು 300 ಮಿಲಿಗ್ರಾಂ ಇದ್ದರೆ ಚಿನ್ನ 3.7 ಗ್ರಾಂ. 22 ಕ್ಯಾರಟ್ ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಅಪ್ಪಟ ಚಿನ್ನ. ಆಗ ಅಪ್ಪಟ ಚಿನ್ನ ಸುಮಾರು 3.39 ಗ್ರಾಂ. 18 ಕ್ಯಾರಟ್ ಆಗಿದ್ದರೆ 750 ಪಾಲು, ಅಂದರೆ ಸುಮಾರು 2.78 ಗ್ರಾಂ. ಈ ಲೆಕ್ಕ ಮನೆಯಲ್ಲೇ ಮಾಡಿಕೊಂಡು ಹೋದವರನ್ನು ತಕ್ಕಡಿಯ ಮುಂದೆ ಯಾರೂ ಮೋಸಗೊಳಿಸಲಾರರು. ಕೊಂಡಾಗ ಕೊಟ್ಟ ಮಜೂರಿ ಮತ್ತು 3 ಶೇಕಡಾ ಜಿ.ಎಸ್.ಟಿ. ಮರಳಿ ಬರುವುದಿಲ್ಲ. ಅದು ಅಂಗಡಿಯವನ ಅನ್ಯಾಯವಲ್ಲ.

2021ರ ಜೂನ್ 16ರಿಂದ ದೇಶದ ಹಲವು ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಅಂಥ ಆಭರಣದ ಮೇಲೆ ಆರು ಅಂಕಿ ಅಕ್ಷರಗಳ ಎಚ್.ಯು.ಐ.ಡಿ. ಗುರುತು ಇರಬೇಕು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಗುರುತು ಹಾಕಿದರೆ ಉಂಗುರದ ಗುಣ ತಿಳಿಯುತ್ತದೆ. 2 ಗ್ರಾಂಗಿಂತ ಕಡಿಮೆ ತೂಕದ ಉಂಗುರಕ್ಕೆ ಈ ಕಡ್ಡಾಯವಿಲ್ಲ. ಹಾಲ್‌ಮಾರ್ಕ್ ಇಲ್ಲದ ಹಳೆಯ ಉಂಗುರವನ್ನೂ ಅಂಗಡಿಯವರು ನಿಮ್ಮಿಂದ ಕೊಳ್ಳಬಹುದು, ಕಾನೂನಿನ ತಡೆಯಿಲ್ಲ. “ಮುದ್ರೆ ಇಲ್ಲ, ಅರ್ಧ ಬೆಲೆಗೆ ಕೊಡಿ” ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಮಾರುವವರೂ ಮುಚ್ಚಿಡುವಂತಿಲ್ಲ. ಬೆಸುಗೆ ಹಾಕಿಸಿದ್ದರೆ, ಕಲ್ಲು ಗಾಜಿನದಾಗಿದ್ದರೆ ಹೇಳಬೇಕು. ಧಾನ್ಯದ ರಾಶಿಯೊಳಗೆ ಕೈ ಹಾಕಿ ತೇವ ಕಂಡಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗ ನಿಮಗೆ ಗೊತ್ತೇ ಇದೆ.

ಕೆಲವೊಮ್ಮೆ ಎರಡೂ ಮನೆಯವರು ಒಪ್ಪಿ, “ಮಾನ್ವಿಯವರೇ ಮಾರಿ ಹಣ ಕಳಿಸಲಿ” ಎನ್ನುವುದುಂಟು. ಆಗ ಮಾರುವವರು ವಕೀಲರ ಸ್ಥಾನದಲ್ಲಿರುತ್ತಾರೆ. ಬಂದ ಹಣ ಅಮಾನತ್ತು. ರಸೀದಿಯ ಜೊತೆ ಪೂರ್ತಿ ಹಣ ಕೊಡಬೇಕು. ಮಂಗ್ನಿಯ ದಿನದ ದರವೋ, ಮಾರಿದ ದಿನದ ದರವೋ ಎಂಬ ತಕರಾರು ಇಲ್ಲೇ ಹುಟ್ಟುವುದು. ಆದ್ದರಿಂದ ಮಾರಿದ ದಿನ ಸಿಕ್ಕಿದ್ದಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಅದಕ್ಕಿಂತ ಉಂಗುರವನ್ನೇ ಮರಳಿಸುವುದು ಸುಲಭ. ಉಂಗುರಕ್ಕೆ ದರದ ಜಗಳವಿಲ್ಲ.

ಅದೇ ಉಂಗುರ ಇನ್ನೊಬ್ಬಳಿಗೆ?

ಮರಳಿ ಬಂದ ಉಂಗುರ ಅಪಶಕುನವೆಂದು ಮನೆಯಲ್ಲಿ ಇಡಲೂ ಹೆದರುವ ಹೆಂಗಸರಿದ್ದಾರೆ. ಅಪಶಕುನವೆಂಬುದು ಇಸ್ಲಾಮಿನಲ್ಲಿ ಇಲ್ಲ. ಹುಡುಗನ ಕಡೆಯವರು ಅದೇ ಉಂಗುರವನ್ನು ಮುಂದೆ ನಿಶ್ಚಯವಾಗುವ ಹುಡುಗಿಗೆ ತೊಡಿಸಿದರೂ ತಪ್ಪಿಲ್ಲ. ಅದು ಅವರ ಸೊತ್ತು, ಚಿನ್ನಕ್ಕೆ ನೆನಪಿಲ್ಲ. ಆದರೆ ಹೊಸದಾಗಿ ಕೊಂಡದ್ದೆಂದು ಸುಳ್ಳು ಹೇಳುವಂತಿಲ್ಲ. ಕೇಳಿದರೆ ನಿಜ ಹೇಳಬೇಕು. ದೇವದುರ್ಗ, ಮಾನ್ವಿ, ರಾಯಚೂರು ಇವುಗಳ ನಡುವೆ ದಿನಕ್ಕೆ ಎಷ್ಟೋ ಬಸ್ಸುಗಳು ಓಡಾಡುತ್ತವೆ, ಸುದ್ದಿಯೂ ಅವುಗಳ ಜೊತೆ ಓಡಾಡುತ್ತದೆ. ಹೊಸ ಸೊಸೆಗೆ ಅದು ನೆರೆಯವರ ಬಾಯಿಂದ ತಿಳಿಯುವುದಕ್ಕಿಂತ, ಮಾರಿ ಬೇರೆ ಉಂಗುರ ಮಾಡಿಸುವುದು ಮೇಲೆಂದು ನನಗನಿಸುತ್ತದೆ. ಇದು ನನ್ನ ಸಲಹೆ, ಶರೀಅತ್ತಿನ ವಿಧಿಯಲ್ಲ.

ಉಂಗುರ ಮರಳಿಸುವ ದಿನ ಎರಡೂ ಕಡೆಯಿಂದ ಇಬ್ಬಿಬ್ಬರು ಹಿರಿಯರು ಕೂತು, ಒಂದು ಚೀಟಿಯಲ್ಲಿ ತೂಕ, ತಾರೀಖು ಬರೆದು, ಇನ್ನೇನೂ ಬಾಕಿ ಇಲ್ಲವೆಂದು ಸಹಿ ಹಾಕಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಕಲಿಸಿದ ಸಮುದಾಯ ನಾವು (2:282). ಹುಡುಗಿಯನ್ನು ಆ ಸಭೆಗೆ ಕರೆತರಬೇಡಿ. ಅವಳ ಮೇಲಿನ ಆರೋಪಗಳನ್ನೂ ಅಲ್ಲಿಗೆ ತರಬೇಡಿ. ಮಂಗ್ನಿಯ ದಿನ ತೆಗೆದ ಫೋಟೋ, ವಿಡಿಯೋಗಳು ಎರಡೂ ಮನೆಯವರ ಮೊಬೈಲುಗಳಲ್ಲಿ ಇರುತ್ತವೆ. ಉಂಗುರದಂತೆ ಅವೂ ಅಮಾನತ್ತೇ. ಚೀಟಿಗೆ ಸಹಿ ಹಾಕುವ ಹೊತ್ತಿಗೇ, ಅಲ್ಲಿ ಕೂತವರ ಎದುರಿಗೇ ಅವುಗಳನ್ನು ಅಳಿಸಿಬಿಡಿ.